ವಿಜ್ಞಾನ ಮೇಳಕ್ಕೆ ಎಡಿಸನ್ ಬರ್ತಾರೆ, ಗಣೇಶ್ ಅಯ್ಯರ್ ಯಾಕೆ ಬರಲ್ಲ?

(ಈ ಸಲದ ಸರಣಿ ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಳ್ಳಿ, ಬಸ್ಸಲ್ಲಿ ಕೂತಾಗ ಓದಿ.)

1

ತುಮಕೂರಿನ ಯಾವುದಾದರೂ ಪ್ರೈಮರಿ ಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿ ನೋಡಿ. ಬಾಗಿಲ ಹತ್ತಿರವೇ ಒಂದು ಜ್ವಾಲಾಮುಖಿ. ಅಡುಗೆ ಸೋಡಾ, ವಿನೆಗರ್, ಒಂದಿಷ್ಟು ಕೆಂಪು ಬಣ್ಣ, ನೊರೆ ಉಕ್ಕಿದ ಕೂಡಲೇ ಎಲ್ಲರೂ ಚಪ್ಪಾಳೆ. ಪಕ್ಕದಲ್ಲಿ ಸಿರಿಂಜಿನಿಂದ ಕೈ ಆಡಿಸೋ ಜೆಸಿಬಿ. ಆಮೇಲೆ ಥರ್ಮಾಕೋಲ್ ಮನೆ, ಅದರ ಮೇಲೆ ಮಳೆನೀರು ಕೊಯ್ಲು. ಕೊನೇ ಮೇಜಿನಲ್ಲಿ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ ಓದೋ ಒಂದು ಪುಟಾಣಿ, ಹಿಂದೆ ಸ್ಟೇಷನರಿ ಅಂಗಡಿಯಿಂದ ತಂದ ಚಾರ್ಟು: 'ವಿಜ್ಞಾನಿಗಳು ಮತ್ತು ಅವರ ಸಂಶೋಧನೆಗಳು'.

ನೀವು ಹತ್ತಿರ ಹೋದ ತಕ್ಷಣ ಅದು ಉಸಿರು ಬಿಡದೆ ಹೇಳುತ್ತೆ. ಎಡಿಸನ್ ಬಲ್ಬ್ ಕಂಡುಹಿಡಿದರು, ಬೆಲ್ ಟೆಲಿಫೋನ್ ಕಂಡುಹಿಡಿದರು, ಜೇಮ್ಸ್ ವ್ಯಾಟ್ ಉಗಿಯಂತ್ರ ಕಂಡುಹಿಡಿದರು, ರೈಟ್ ಸಹೋದರರು ವಿಮಾನ ಕಂಡುಹಿಡಿದರು. ಥ್ಯಾಂಕ್ಯೂ. ಮಧ್ಯದಲ್ಲಿ ನಿಲ್ಲಿಸಿ, 'ಪುಟ್ಟಾ, ಬಲ್ಬೊಳಗಿನ ತಂತಿ ಅಷ್ಟು ಕಾದರೂ ಯಾಕೆ ಸುಟ್ಟು ಹೋಗಲ್ಲ?' ಅಂತ ಕೇಳಿದರೆ ಆ ಮಗು ಟೀಚರ್ ಮುಖ ನೋಡುತ್ತೆ. ಅದು ಮಗುವಿನ ತಪ್ಪಲ್ಲ. 'ಕಂಡುಹಿಡಿದರು' ಅನ್ನೋ ಒಂದೇ ಪದದಲ್ಲಿ ಅಷ್ಟು ದೊಡ್ಡ ಜಗಳ, ಕಾಯುವಿಕೆ, ಕೆಟ್ಟುಹೋದ ಮಾಡೆಲ್ಲುಗಳು ಎಲ್ಲಾ ಮುಚ್ಚಿಹೋಗಿರುತ್ತೆ. ಎಡಿಸನ್ ಹೆಸರಲ್ಲಿ ಅಮೆರಿಕದಲ್ಲಿ 1,093 ಪೇಟೆಂಟ್ ಇವೆ. ಆದರೂ 1879ರಲ್ಲಿ ಅವರಿಗೆ ಬೇಕಿದ್ದ ಮುಖ್ಯ ವಸ್ತು ಬೇರೆಯವರ ಕಾಣಿಕೆ: ಗಾಜಿನ ಬುರುಡೆಯೊಳಗಿನ ಗಾಳಿಯನ್ನ ಚೆನ್ನಾಗಿ ಎಳೆದುಹಾಕೋ ಪಂಪು. ಗಾಳಿ ಇಲ್ಲದಿದ್ದರೆ ತಂತಿ ಉರಿಯಲ್ಲ, ಬರೀ ಹೊಳೆಯುತ್ತೆ. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಕೂಡ ಇದೇ ಕೆಲಸದಲ್ಲಿದ್ದರು. ಚಾರ್ಟಿನಲ್ಲಿ ಅವರಿಗೆ ಜಾಗ ಇಲ್ಲ.

'ಗಾಳಿ ಎಳೆದುಹಾಕೋದು' ಅನ್ನೋ ಮಾತು ನೆನಪಿಟ್ಟುಕೊಳ್ಳಿ. ಕುಣಿಗಲ್ ತಾಲ್ಲೂಕಿಗೆ ಹೋದಾಗ ಬೇಕಾಗುತ್ತೆ.

2

ಮೇಳ ಅನ್ನೋದು ನಮ್ಮ ಕಡೆಗೆ ಹೊಸದೇನಲ್ಲ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗಾ ಜಾತ್ರೆಯಲ್ಲಿ ನಡೆಯೋ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ನೋಡದೆ ಬೆಳೆದ ತುಮಕೂರಿನ ಮಕ್ಕಳು ಕಡಿಮೆ. ದನ ನೋಡೋಕೆ ಬಂದವರು ಯಂತ್ರಾನೂ ನೋಡಿ ಹೋಗ್ತಾರೆ. ಮಕ್ಕಳೇ ಮಾಡಿದ ಮಾಡೆಲ್ಲುಗಳ ರಾಷ್ಟ್ರಮಟ್ಟದ ಪ್ರದರ್ಶನವನ್ನ ಎನ್‌ಸಿಇಆರ್‌ಟಿ 1971ರಿಂದ ನಡೆಸ್ಕೊಂಡು ಬಂದಿದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಶುರುವಾಯ್ತು. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಐಡಿಯಾ ಆಯ್ಕೆಯಾದರೆ ಮಾಡೆಲ್ ಮಾಡೋಕೆ 10,000 ರೂಪಾಯಿ ಸಿಗುತ್ತೆ, ನಿಮ್ಮಲ್ಲಿ ಕೆಲವರು ತಗೊಂಡಿರಬಹುದು. ಆದರೆ ಅದು ದೊಡ್ಡ ಕ್ಲಾಸಿನವರಿಗೆ. ಸಣ್ಣ ಕ್ಲಾಸಿನವರ ಪಾಲಿಗೆ ಉಳಿಯೋದು ಚಾರ್ಟು, ಬಾಯಿಪಾಠ, ಮತ್ತೆ ವರ್ಷಕ್ಕೊಂದು ಸಲ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಟೂರು. ಅಲ್ಲಿ ರೈಟ್ ಸಹೋದರರ ವಿಮಾನದ ನಿಜವಾದ ಅಳತೆಯ ಪ್ರತಿಕೃತಿ ಇದೆ. ನಾವೆಲ್ಲಾ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಂಡವರೇ.

ಈಗ ಜೇಮ್ಸ್ ವ್ಯಾಟ್ ಕಥೆ. ಇದನ್ನ ಮೇಳದಲ್ಲಿ ಯಾರೂ ಹೇಳಲ್ಲ, ನನಗೆ ಅದೇ ಸಿಟ್ಟು. ಯಾಕಂದ್ರೆ ಇದು ಶುರುವಾಗೋದೇ ಒಂದು ಪಾಠದ ಮಾಡೆಲ್‌ನಿಂದ!

ಉಗಿಯಂತ್ರ ವ್ಯಾಟ್‌ಗಿಂತ ಮುಂಚೇನೇ ಇತ್ತು. ನ್ಯೂಕೊಮೆನ್ ಅನ್ನೋರು 1712ರಲ್ಲೇ ಗಣಿಯಿಂದ ನೀರೆತ್ತೋ ಯಂತ್ರ ನಿಲ್ಲಿಸಿದ್ದರು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹುಡುಗರಿಗೆ ತೋರಿಸೋಕೆ ಅದರದೊಂದು ಪುಟ್ಟ ಮಾಡೆಲ್ ಇಟ್ಟಿದ್ದರು. ಅದು ನಾಲ್ಕಾರು ಸಲ ಆಡಿ ನಿಂತುಬಿಡ್ತಿತ್ತು. ಉಪಕರಣ ರಿಪೇರಿ ಮಾಡ್ತಿದ್ದ ವ್ಯಾಟ್ ಕೈಗೆ 1763ರಲ್ಲಿ ಅದನ್ನ ಕೊಟ್ಟರು. ಅವರು ನೋಡ್ತಾರೆ, ಮಾಡೆಲ್ ಕೆಟ್ಟಿಲ್ಲ. ಎಲ್ಲಾ ಸರಿ ಇದೆ, ಆದರೂ ಓಡಲ್ಲ. ಪ್ರತಿ ಸಲ ಸಿಲಿಂಡರಿಗೆ ಉಗಿ ತುಂಬಬೇಕು, ಆಮೇಲೆ ಅದೇ ಸಿಲಿಂಡರನ್ನ ತಣ್ಣಗೆ ಮಾಡಬೇಕು. ಸಣ್ಣ ಸಿಲಿಂಡರ್ ಬೇಗ ಆರುತ್ತೆ, ಹಾಗಾಗಿ ಅರ್ಧಕ್ಕರ್ಧ ಉಗಿ ಗೋಡೆ ಕಾಯಿಸೋಕೇ ಹೋಗುತ್ತೆ. ದೊಡ್ಡ ಯಂತ್ರದಲ್ಲೂ ಇದೇ ನಷ್ಟ ಇತ್ತು, ಆದರೆ ಅದು ಹೇಗೋ ಓಡ್ತಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1765ರಲ್ಲಿ ವ್ಯಾಟ್‌ಗೆ ಹೊಳೀತು: ಉಗಿಯನ್ನ ತಣ್ಣಗೆ ಮಾಡೋ ಪಾತ್ರೆಯನ್ನ ಬೇರೆ ಇಟ್ಟುಬಿಡೋಣ. 1769ರಲ್ಲಿ ಪೇಟೆಂಟ್.

ಅಂದ್ರೆ ವ್ಯಾಟ್ ಕಂಡುಹಿಡಿದಿದ್ದು ಉಗಿಯಂತ್ರವನ್ನಲ್ಲ. ಮಾಡೆಲ್ ಯಾಕೆ ನಿಂತುಹೋಯ್ತು ಅನ್ನೋದನ್ನ. ನಮ್ಮ ಮೇಳಗಳಲ್ಲಿ ಮಾಡೆಲ್ ನಿಂತುಹೋದರೆ ಏನಾಗುತ್ತೆ? ಜಡ್ಜ್ ಬರೋದ್ರೊಳಗೆ ಅಪ್ಪನೋ ಅಣ್ಣನೋ ಓಡಿಬಂದು ಹೊಸ ಬ್ಯಾಟರಿ ಹಾಕ್ತಾರೆ!

3

ಈಗ ನಮ್ಮೂರಿಗೆ ಬರೋಣ. ದೂರದ ಗ್ಲಾಸ್ಗೋ ಬಿಟ್ಟು ದೇವರಾಯನದುರ್ಗ. ಅಲ್ಲಿನ ಬೆಟ್ಟಸಾಲಿನಲ್ಲಿ ಹುಟ್ಟೋ ಶಿಂಷಾ ನದಿ ನಮ್ಮ ಮೂರೂ ಕಡೆಯನ್ನ ಒಂದೇ ದಾರದಲ್ಲಿ ಪೋಣಿಸುತ್ತೆ. ತುಮಕೂರು ತಾಲ್ಲೂಕು ದಾಟಿ ಗುಬ್ಬಿ ತಾಲ್ಲೂಕಿಗೆ ಬಂದು ಕಡಬದ ಆ ದೊಡ್ಡ ಕೆರೆ ಸೇರುತ್ತೆ. ಆಮೇಲೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ. ಅಲ್ಲಿಂದ ಮಂಡ್ಯ ಜಿಲ್ಲೆ, ಕೊನೆಗೆ ಶಿವನಸಮುದ್ರದ ಆಸುಪಾಸಿನಲ್ಲಿ ಕಾವೇರಿ. ಎಡಿಸನ್ ಚಾರ್ಟು ಹಿಡ್ಕೊಂಡ ಮಗುವಿಗೆ ಇದನ್ನೂ ಹೇಳಬಹುದಲ್ವಾ: 1902ರಲ್ಲಿ ಅದೇ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು, 1905ರಲ್ಲಿ ಬೆಂಗಳೂರಿಗೆ ದೀಪ ಬಂತು.

ಕೆರೆ ಇರೋ ಊರಿನ ಮಕ್ಕಳಿಗೆ ಎರಡು ಪದ ಹೇಳಿಕೊಡಬೇಕಾಗಿಲ್ಲ. ತೂಬು, ಕೋಡಿ. ಗದ್ದೆಗೆ ನೀರು ಬಿಡೋದು ತೂಬಿನಿಂದ. ಅದನ್ನ ಎತ್ತಿ ಇಳಿಸೋಕೆ ನೀರಗಂಟಿ ಇರ್ತಿದ್ದ. ಕೆರೆ ತುಂಬಿ ಹೆಚ್ಚಾದದ್ದು ಹೊರಗೆ ಹೋಗೋದು ಕೋಡಿಯಿಂದ, ಅದಕ್ಕೆ ಯಾರೂ ಬೇಕಾಗಿಲ್ಲ. ಕೋಡಿ ಬಿತ್ತು ಅಂದ್ರೆ ಊರಿಗೆ ಹಬ್ಬ, ಬಾಗಿನ, ಈಗ ರೀಲ್ಸ್.

ಕೋಡಿಗೆ ಒಂದು ತೊಂದರೆ ಇದೆ. ಅದರ ಮೇಲೆ ಹರಿಯೋ ನೀರು ಗೇಣುದ್ದ ಇದ್ದರೆ ಹೋಗೋದು ಸ್ವಲ್ಪವೇ. ರಾತ್ರೋರಾತ್ರಿ ಜೋರು ಮಳೆ ಬಂದು ಒಳಹರಿವು ಹೆಚ್ಚಾದರೆ ನೀರು ಏರ್ತಾ ಏರ್ತಾ ಏರಿಗೇ ಅಪಾಯ. ಕೋಡಿಯನ್ನ ಬಹಳ ಉದ್ದ ಕಟ್ಟಬೇಕು, ಇಲ್ಲಾ ಗೇಟ್ ಇಡಬೇಕು. ಗೇಟ್ ಇಟ್ಟರೆ ನಡುರಾತ್ರಿ ಎದ್ದು ಅದನ್ನ ಎತ್ತೋಕೆ ಮನುಷ್ಯ ಬೇಕು. ಮನುಷ್ಯ ಇಲ್ಲದೆ ತಾನೇ ತೆರೆದು ತಾನೇ ಮುಚ್ಚೋ ಗೇಟನ್ನ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ್ದರು, 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅದನ್ನ ಹಾಕಿದರು. ಸೆಪ್ಟೆಂಬರ್ 15ರ ಭಾಷಣಗಳಲ್ಲಿ ಇದನ್ನ ನೀವು ಕೇಳಿದ್ದೀರಿ. ಅವರ ಗೇಟಿನಲ್ಲಿ ಚಲಿಸೋ ಭಾಗಗಳಿದ್ದವು.

ಮೈಸೂರು ಸಂಸ್ಥಾನದ ಇನ್ನೊಬ್ಬ ಎಂಜಿನಿಯರ್ ಏನೂ ಚಲಿಸದ ಒಂದು ಉಪಾಯ ಮಾಡಿದರು. ಹೆಸರು ವಿ. ಗಣೇಶ್ ಅಯ್ಯರ್.

4

ಸೈಫನ್ ಅಂದ್ರೆ ಗೊತ್ತಲ್ವಾ? ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯೋಕೆ ಪೈಪು ಇಳಿಬಿಟ್ಟು ಬಾಯಲ್ಲಿ ಒಂದು ಸಲ ಎಳೆಯೋದು. ಎಣ್ಣೆ ಅಂಚು ಹತ್ತಿ ಆಚೆ ಇಳಿಯೋಕೆ ಶುರುವಾದರೆ ಆಮೇಲೆ ನಿಲ್ಲಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯ ವಿದ್ಯೆ, ಗ್ರೀಕರ ಕಾಲದಲ್ಲೇ ಇತ್ತು.

ಇದನ್ನ ಡ್ಯಾಮಿಗೆ ಹಾಕಿದರೆ ಲಾಭ ಏನು? ಕೋಡಿಯಲ್ಲಿ ನೀರನ್ನ ತಳ್ಳೋದು ಮೇಲಿರೋ ಆ ಗೇಣುದ್ದದ ಎತ್ತರ ಮಾತ್ರ. ಸೈಫನ್ ಹಿಡಿದುಕೊಂಡರೆ ಜಲಾಶಯದ ಮಟ್ಟದಿಂದ ಕೆಳಗಿನ ಬಾಯಿವರೆಗಿನ ಇಡೀ ಎತ್ತರ ಕೆಲಸ ಮಾಡುತ್ತೆ. ಕಡಿಮೆ ಜಾಗದಲ್ಲಿ ಭಾರೀ ನೀರು ಹೊರಗೆ.

ಆದರೆ ಬಾಯಲ್ಲಿ ಎಳೆಯೋದು ಯಾರು? ಆನೆ ನುಗ್ಗೋ ಅಷ್ಟು ದೊಡ್ಡ ಕೊಳವೆ ಅದು. ಒಳಗೆ ಗಾಳಿ ತುಂಬಿರುತ್ತೆ. ನೀರು ಅಂಚಿನ ಮೇಲೆ ತೆಳ್ಳಗೆ ಹರಿದು ಗೋಡೆ ಹಿಡಿದು ಜಾರಿಹೋಗುತ್ತೆ, ಗಾಳಿ ಅಲ್ಲೇ ಕೂತಿರುತ್ತೆ. ಗಾಳಿ ಹೋಗೋವರೆಗೆ ಅದು ಸೈಫನ್ ಅಲ್ಲ, ಬರೀ ಸಣ್ಣ ಕೋಡಿ. ಬಲ್ಬಿನಲ್ಲಿ ಎಡಿಸನ್‌ಗೆ ಇದ್ದ ಶತ್ರುವೇ ಇಲ್ಲೂ!

ಗಣೇಶ್ ಅಯ್ಯರ್ ಅವರ ಉಪಾಯಕ್ಕೆ 'ವೊಲ್ಯೂಟ್ ಸೈಫನ್' ಅಂತ ಹೆಸರು. ಕಣ್ಣಮುಂದೆ ತಂದ್ಕೊಳ್ಳಿ. ಜಲಾಶಯದೊಳಗೆ ನೆಟ್ಟಗೆ ನಿಂತ ಒಂದು ಬಾವಿಯಂಥ ಕೊಳವೆ. ಅದರ ತಲೆಯಲ್ಲಿ ಸೀಮೆಎಣ್ಣೆ ಸುರಿಯೋ ಆಲಿಕೆ ಥರ ಅಗಲವಾದ ಬಾಯಿ, ಬಾಯಿಯ ಅಂಚು ಸರಿಯಾಗಿ ಜಲಾಶಯದ ಪೂರ್ತಿ ಮಟ್ಟಕ್ಕೆ. ಅದರ ಮೇಲೆ ಬೋಗುಣಿ ಬೋರಲು ಹಾಕಿದ ಹಾಗೆ ಒಂದು ಗುಮ್ಮಟ. ಗುಮ್ಮಟದ ಅಂಚು ಆಲಿಕೆ ಬಾಯಿಗಿಂತ ಕೆಳಗೆ ಇಳಿದಿರುತ್ತೆ, ಆದ್ದರಿಂದ ನೀರು ಸುತ್ತಲೂ ಅದರ ಅಡಿಯಿಂದ ನುಸುಳಿ ಮೇಲೆ ಹತ್ತಿ ಆಲಿಕೆಗೆ ಬೀಳಬೇಕು. ಜಾಣತನ ಇರೋದು ಆಲಿಕೆಯ ಒಳಮೈಯಲ್ಲಿ. ಅಲ್ಲಿ ಬಸವನಹುಳುವಿನ ಚಿಪ್ಪಿನ ಸುರುಳಿಯಂತೆ ಬಾಗಿದ ರೆಕ್ಕೆಗಳನ್ನ ಕೂರಿಸಿದರು. ನೀರು ನೆಟ್ಟಗೆ ಬೀಳೋ ಬದಲು ಸುತ್ತುತ್ತಾ ಬೀಳುತ್ತೆ. ಸುಳಿ ಏಳುತ್ತೆ. ಆ ಸುಳಿ ಕತ್ತಿನ ಹತ್ತಿರ ಗಾಳಿಯನ್ನ ಹಿಡಿದು ತನ್ನ ಜೊತೆ ಕೆಳಕ್ಕೆ ಎಳೆದೊಯ್ಯುತ್ತೆ. ಗುಮ್ಮಟದೊಳಗೆ ಗಾಳಿ ಕಡಿಮೆಯಾದಂತೆ ನೀರು ಇನ್ನೂ ಮೇಲೇರಿ ಬರುತ್ತೆ, ಸುಳಿ ಇನ್ನೂ ಜೋರಾಗುತ್ತೆ. ಸ್ವಲ್ಪ ಹೊತ್ತಿನಲ್ಲಿ ಇಡೀ ಕೊಳವೆ ನೀರಿನಿಂದ ಕಟ್ಟಿಕೊಳ್ಳುತ್ತೆ. ಅಷ್ಟೇ, ಸೈಫನ್ ಹಿಡೀತು.

ನಿಲ್ಲಿಸೋದು? ಗುಮ್ಮಟಕ್ಕೆ ಸೇರಿದ ಸಣ್ಣ ಗಾಳಿ ಕೊಳವೆಯೊಂದರ ಬಾಯಿ ನೀರಿನ ಮಟ್ಟದಲ್ಲಿರುತ್ತೆ. ಜಲಾಶಯ ಇಳಿದು ಆ ಬಾಯಿ ತೆರೆದುಕೊಂಡ ಕೂಡಲೇ ಗಾಳಿ ಒಳಗೆ ನುಗ್ಗುತ್ತೆ, ಸೈಫನ್ ಬಿಟ್ಟುಕೊಡುತ್ತೆ. ಕರೆಂಟಿಲ್ಲ, ಕೀಲಿಲ್ಲ, ಕಾವಲುಗಾರನಿಲ್ಲ.

ಸೀಮೆಎಣ್ಣೆ ಪೈಪು ಹಳೇದು, ಡ್ಯಾಂ ಹಳೇದು, ಸುಳಿ ಎಲ್ಲರ ಮನೆ ಸಿಂಕಿನಲ್ಲೂ ಇದೆ. ಅವನ್ನ ಒಂದು ಕಡೆ ತಂದವರು ಅವರು.

ಮಾರ್ಕೋನಹಳ್ಳಿ ಡ್ಯಾಂ ಎಡೆಯೂರಿನ ಆಸುಪಾಸಿನಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಯೋಜನೆ. ಮಧ್ಯದ ಕಲ್ಲಿನ ಕಟ್ಟೆ 139 ಮೀಟರ್, ಎರಡೂ ಪಕ್ಕದ ಮಣ್ಣಿನ ಏರಿ 1,470 ಮೀಟರ್. ಸುಮಾರು 6,000 ಹೆಕ್ಟೇರ್ ಜಮೀನಿಗೆ ನೀರು. 2022ರ ಮಳೆಗಾಲದಲ್ಲಿ ಭೋರ್ಗರೆದ ಸೈಫನ್ನಿನ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಇಂಥದೇ ಸೈಫನ್ನುಗಳು ಸಾಗರ ತಾಲ್ಲೂಕಿನ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇವೆ. 1964ರಲ್ಲಿ ಲಿಂಗನಮಕ್ಕಿ ಬಂದಮೇಲೆ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ 'ಮಡೆನೂರು ಡ್ಯಾಂ' ಅಂತ ಡ್ರೋನ್ ಶಾಟ್ ಹಾಕ್ತಾರಲ್ಲ, ನೀರಿನ ಮಧ್ಯೆ ಸಾಲಾಗಿ ದುಂಡಗೆ ಕಾಣೋವು, ಅವೇ. ಲೈಕ್ ಲಕ್ಷ ದಾಟಿರುತ್ತೆ, ಗಣೇಶ್ ಅಯ್ಯರ್ ಹೆಸರು ಮಾತ್ರ ಎಲ್ಲೂ ಇರಲ್ಲ. ಮಾರ್ಕೋನಹಳ್ಳಿ ಬಗ್ಗೆ ಹುಡುಕಿದರೂ ಮಹಾರಾಜರ ಹೆಸರು, ಸರ್ ಎಂ.ವಿ. ಹೆಸರು ಸಿಗುತ್ತೆ. ಅವರಿಬ್ಬರಿಗೂ ಕೀರ್ತಿ ಏನು ಕಡಿಮೆಯಾ? ಒಂದು ಸಾಲು ಇವರಿಗೂ ಕೊಡಬಹುದಿತ್ತು.

5

ಇದನ್ನ ನಾಲ್ಕನೇ ಕ್ಲಾಸಿಗೆ ಹೇಗೆ ತಗೊಂಡು ಹೋಗೋದು? ಡಿ.ಎಡ್., ಬಿ.ಎಡ್. ಮಾಡ್ತಿರೋ ಗೆಳೆಯರು ಕೇಳಿಸ್ಕೊಳ್ಳಿ. ತಮ್ಮ ತಂಗಿ ಇರೋರು ಕೂಡ.

ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿ ತಳ ಕತ್ತರಿಸಿ ಬೋರಲು ಹಿಡೀರಿ. ಮುಚ್ಚಳಕ್ಕೆ ತೂತು ಮಾಡಿ ಬಗ್ಗೋ ಸ್ಟ್ರಾ ತೂರಿಸಿ, ಒಳಗೆ ಅದು ಕೊಡೆಯ ಹಿಡಿಯ ಥರ ಬಗ್ಗಿ ಬಾಯಿ ಕೆಳಕ್ಕೆ ಬರಬೇಕು. ಸಂದಿಗೆ ಎಂ-ಸೀಲ್. ಈಗ ಚೊಂಬಿನಿಂದ ನೀರು ಹಾಕ್ತಾ ಹೋಗಿ. ಏನೂ ಆಗಲ್ಲ. ಇನ್ನೂ ಹಾಕಿ. ಏನೂ ಇಲ್ಲ. ಸ್ಟ್ರಾದ ಬಾಗು ಮುಳುಗಿದ ಕ್ಷಣ ನೀರೆಲ್ಲಾ ಕೆಳಗೆ! ಒಳಗಿನ ಬಾಯಿ ಗಾಳಿಗೆ ತೆರೆಯೋವರೆಗೆ ನಿಲ್ಲಲ್ಲ. ಮಕ್ಕಳು ಕಿರುಚ್ತಾರೆ, ಕಿರುಚಲಿ.

ಇಲ್ಲಿಗೆ ನಿಲ್ಲಿಸಿದರೆ ಅದು ಇನ್ನೊಂದು ಜ್ವಾಲಾಮುಖಿ ಅಷ್ಟೇ. ಮುಂದಿನ ಹೆಜ್ಜೆ ಮುಖ್ಯ. ಹಾರ್ಡ್‌ವೇರ್ ಅಂಗಡಿಯಿಂದ ಒಂದಿಂಚಿನ ಪಿವಿಸಿ ಪೈಪಿನ ತುಂಡು, ಎರಡು ಎಲ್ಬೋ ತನ್ನಿ. ಖಾಲಿ ಎಣ್ಣೆ ಕ್ಯಾನಿನಲ್ಲಿ ಅದೇ ಕೊಡೆ ಹಿಡಿ ಮಾಡಿ. ನೀರನ್ನ ನಿಧಾನಕ್ಕೆ ಹಾಕಿಸಿ. ಈಗ ಹಿಡಿಯಲ್ಲ. ಬಾಗಿನ ಮೇಲಿಂದ ಸಣ್ಣಗೆ ಜಿನುಗುತ್ತೆ, ಹಾಕಿದಷ್ಟೇ ಹೋಗುತ್ತೆ. ಮಕ್ಕಳ ಮುಖ ಸಪ್ಪಗಾಗುತ್ತೆ. 'ಸ್ಟ್ರಾದಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಲಿಲ್ಲ?' ಅಂತ ಕೇಳಿ, ಉತ್ತರ ಹೇಳದೆ ಸುಮ್ಮನಿರಿ. ಯಾರೋ ಒಬ್ಬಳು ಜೋರಾಗಿ ಒಂದು ಬಕೆಟ್ ಸುರೀತಾಳೆ, ಹಿಡಿಯುತ್ತೆ. ಇನ್ನೊಬ್ಬ ಕೆಳಗಿನ ಬಾಯಿಗೆ ಅಂಗೈ ಒತ್ತಿ ಬಿಡ್ತಾನೆ. 'ಡ್ಯಾಂ ಹತ್ತಿರ ಅಷ್ಟು ದೊಡ್ಡ ಅಂಗೈ ಯಾರದಪ್ಪಾ?' ಅಂತ ಕೇಳಿ. ಆಗ ಗಣೇಶ್ ಅಯ್ಯರ್ ಅವರ ಆಲಿಕೆ, ರೆಕ್ಕೆ, ಸುಳಿ ಹೇಳಿ. ಮುಂಚೆ ಹೇಳಬೇಡಿ, ದಯವಿಟ್ಟು.

ಗ್ಲಾಸ್ಗೋದಲ್ಲಿ ದೊಡ್ಡದು ಓಡ್ತಿತ್ತು, ಸಣ್ಣದು ನಿಂತಿತು. ನಿಮ್ಮ ಮೇಜಿನ ಮೇಲೆ ಸಣ್ಣದು ಓಡಿತು, ದೊಡ್ಡದು ನಿಂತಿತು. ಇದನ್ನ ಕೈಯಾರೆ ನೋಡಿದ ಮಗುವಿಗೆ 'ಕಂಡುಹಿಡಿದರು' ಅನ್ನೋ ಪದ ಬೇರೆಯೇ ಕೇಳಿಸುತ್ತೆ.

ಗುಬ್ಬಿ ಕಡೆಯವರಿಗೆ ನೀರಿನ ಕೆಲಸ ಬೇಡ ಅನ್ನಿಸಿದರೆ ಹೆಲಿಕಾಪ್ಟರ್ ಇದೆಯಲ್ಲ. ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ಒಂದು ಪಟ್ಟಿ ಕಾಗದ, ಎರಡು ರೆಕ್ಕೆ, ಕೆಳಗೊಂದು ಜೆಮ್‌ಕ್ಲಿಪ್, ಮಹಡಿಯಿಂದ ಬಿಟ್ಟರೆ ತಿರುಗುತ್ತಾ ಇಳಿಯುತ್ತೆ. ರೆಕ್ಕೆಗಳನ್ನ ಉಲ್ಟಾ ಮಡಿಸಿದರೆ ಉಲ್ಟಾ ತಿರುಗುತ್ತೆ. 1939ರ ಸೆಪ್ಟೆಂಬರ್ 14ಕ್ಕೆ ತಮ್ಮ ವಿಎಸ್-300 ಅನ್ನ ಹಗ್ಗ ಕಟ್ಟಿಯೇ ಹಾರಿಸಿದ ಸಿಕೋರ್ಸ್ಕಿಗೆ ಇದ್ದ ತಲೆನೋವೂ ಇದೇ ಜಾತಿಯದ್ದು: ಮೇಲಿನ ರೆಕ್ಕೆಯನ್ನ ಎಂಜಿನ್ ಒಂದು ಕಡೆ ತಿರುಗಿಸಿದರೆ ಒಡಲು ಇನ್ನೊಂದು ಕಡೆ ತಿರುಗುತ್ತೆ. ಬಾಲದಲ್ಲಿ ಸಣ್ಣ ರೆಕ್ಕೆ ಇರೋದು ಅದನ್ನ ತಡೆಯೋಕೆ. ಕಾರ್ಖಾನೆ ಮುಂದೆ ದಿನಾ ಬಸ್ಸಲ್ಲಿ ಹೋಗೋ ಮಕ್ಕಳಿಗೆ ಇಷ್ಟು ಸಾಕು.

6

ಈ ಸರಣಿಯನ್ನ ಈಗಲೇ ಬರೆಯೋಕೆ ಕಾರಣ ಬೇರೆ ಇದೆ.

2025ರ ಅಕ್ಟೋಬರ್‌ನಲ್ಲಿ ತುಮಕೂರಿನಿಂದ ಹೋಗಿದ್ದ ಒಂದು ಕುಟುಂಬ ಮಾರ್ಕೋನಹಳ್ಳಿಯಲ್ಲಿ ನೀರಿಗಿಳಿದಿತ್ತು. ಸೈಫನ್ನಿಂದ ನೀರು ದಿಢೀರನೆ ನುಗ್ಗಿತು. ಒಂದೇ ಕುಟುಂಬದ ಆರು ಜನ ಕೊಚ್ಚಿಹೋದರು. ಅದರಲ್ಲಿ ಪುಟ್ಟ ಮಕ್ಕಳಿದ್ದರು.

ಆ ಸುದ್ದಿಯ ಕೆಳಗೆ ಬಹಳ ಜನ 'ಗೇಟ್ ತೆಗೆದವರು ಯಾರು? ಸೈರನ್ ಯಾಕೆ ಹಾಕಲಿಲ್ಲ?' ಅಂತ ಬರೆದಿದ್ದರು. ಎಚ್ಚರಿಕೆ ವ್ಯವಸ್ಥೆ ಬೇಕೇ ಬೇಕು, ಅದನ್ನ ಕೇಳೋದು ನ್ಯಾಯ. ಆದರೆ ಸೈಫನ್ನಿಗೆ ಗೇಟ್ ತೆಗೆಯೋ ಮನುಷ್ಯನೇ ಇಲ್ಲ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಕೋಡಿ ನೋಡಿ ಬೆಳೆದ ನಮಗೆ ನೀರು ಮೆಲ್ಲಗೆ ಹೆಚ್ಚಾಗುತ್ತೆ, ಕಾಲಿಗೆ ಗೊತ್ತಾಗುತ್ತೆ, ಆಗ ಮೇಲೆ ಬಂದರಾಯ್ತು ಅನ್ನೋ ಅಂದಾಜು ರಕ್ತದಲ್ಲೇ ಇದೆ. ಸೈಫನ್ ಆ ಅಂದಾಜಿಗೆ ಸಿಗಲ್ಲ. ಕೆಳಗೆ ಮೊಣಕಾಲುದ್ದ ತಿಳಿನೀರು ಇದ್ದಾಗಲೇ ಮೇಲೆ ಗುಮ್ಮಟದಲ್ಲಿ ಗಾಳಿ ಖಾಲಿಯಾಗ್ತಿರುತ್ತೆ. ಹಿಡಿದ ಮೇಲೆ ಒಂದೇ ಸಲಕ್ಕೆ ಪೂರ್ತಿ ನೀರು. ಮಳೆ ಇಲ್ಲಿ ಬಂದಿರಬೇಕು ಅಂತಾನೂ ಇಲ್ಲ. ಅದರ ಜಲಾನಯನ 4,100 ಚದರ ಕಿಲೋಮೀಟರಿಗೂ ಹೆಚ್ಚು, ಎಲ್ಲೋ ದೂರದಲ್ಲಿ ಹಿಂದಿನ ದಿನ ಸುರಿದದ್ದು ಇವತ್ತು ಬಿಸಿಲಲ್ಲಿ ಬಂದು ಸೇರಬಹುದು.

ಬಾಟಲಿ ಮಾಡೆಲ್ ಇದನ್ನ ಯಾವ ಬೋರ್ಡಿಗಿಂತ ಚೆನ್ನಾಗಿ ಹೇಳುತ್ತೆ. ಈ ಸಲ ನಿಮ್ಮ ಹಳೇ ಸ್ಕೂಲಿನ ಮೇಳಕ್ಕೆ ಹೋದರೆ ಮೇಜಿನ ಹಿಂದೆ ನಿಂತ ಮಗುವಿಗೆ ಹೀಗೆ ಮಾಡೋಕೆ ಹೇಳಿಕೊಡಿ. ನೋಡೋಕೆ ಬಂದವರ ಕೈಯನ್ನ ಬಾಟಲಿ ಬಾಯಿಯ ಕೆಳಗೆ ಹಿಡಿಸಬೇಕು. ಕೆಳಗೊಂದು ಬಕೆಟ್. ಮೇಲಿಂದ ನೀರು ಹಾಕ್ತಾ 'ಅಂಕಲ್, ನೀರು ಬಂತಾ?' ಅಂತ ಕೇಳಬೇಕು. ಇಲ್ಲ. ಇನ್ನೊಂದು ಲೋಟ. 'ಆಂಟಿ, ಈಗ ಬಂತಾ?' ಇಲ್ಲ ಪುಟ್ಟಾ. ಬಾಟಲಿ ಹೊರಗೆ ಸ್ಕೆಚ್ ಪೆನ್ನಿನಲ್ಲಿ ಎಳೆದ ಕೆಂಪು ಗೆರೆಗೆ ಇನ್ನು ಒಂದು ಬೆರಳಷ್ಟೇ ಬಾಕಿ ಇದ್ದಾಗ ಕೊನೆಯ ಲೋಟ ಎತ್ತಿಕೊಂಡು ಆ ಮಗು ಹೇಳಬೇಕು: 'ಈಗ ಓಡಿ ನೋಡೋಣ.'